ನಮ್ಮ ಸರ್ವರ್ ಮೌನ ಹಿಡಿದಾಗ

ಇಂಡಿಯ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ನೆಟ್‌ವರ್ಕ್ ಅಧ್ಯಾಯ ಬಂದಾಗ ಪುಸ್ತಕದ ಚಿತ್ರ ತೋರಿಸುವ ಗೋಜಿಗೆ ಹೋಗುವುದಿಲ್ಲ, ನಮ್ಮ ಅತ್ತಿಯನ್ನೇ ಬೋರ್ಡಿಗೆ ಎಳೆಯುತ್ತೇನೆ. ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ನೌಕರಿ ಸಿಕ್ಕಾಗಿನಿಂದ ನಾನಿರುವುದು ಅವಳ ಮನೆಯಲ್ಲಿ. ಬೋರ್ಡಿನ ನಡುವೆ ಒಂದು ದೊಡ್ಡ ವೃತ್ತ ಬರೆದು "ಇದು ಇಂಡಿ, ಇಲ್ಲಿ ನಮ್ಮ ಅತ್ತಿ ಕುಂತಾಳ" ಎನ್ನುತ್ತೇನೆ. ಸುತ್ತ ಮೂರು ಸಣ್ಣ ವೃತ್ತ. ಸಿಂದಗಿಯಲ್ಲಿ ಅಪ್ಪ ಅವ್ವ, ಮುದ್ದೇಬಿಹಾಳದಲ್ಲಿ ಕಾಕಾ ಕಾಕು ಎಂದರೆ ಚಿಕ್ಕಪ್ಪ ಚಿಕ್ಕಮ್ಮ, ಬಸವನಬಾಗೇವಾಡಿಯಲ್ಲಿ ಮದುವೆಯಾಗಿ ಹೋದ ನನ್ನ ಅಕ್ಕ. ಮೂರರಿಂದಲೂ ನಡುವಿನ ವೃತ್ತಕ್ಕೆ ಒಂದೊಂದು ಗೆರೆ ಎಳೆಯುತ್ತೇನೆ. ಸಣ್ಣ ವೃತ್ತಗಳು ಒಂದಕ್ಕೊಂದು ಮಾತಾಡುವಂತಿಲ್ಲ, ಎಲ್ಲವೂ ಅತ್ತಿಯ ಮೂಲಕವೇ ಹೋಗಬೇಕು. ಕೇಂದ್ರೀಕೃತ ಜಾಲ ಎಂದರೆ ಇದೇ, ಬರೆದುಕೊಳ್ಳಿ ಎನ್ನುತ್ತೇನೆ.

ನಮ್ಮ ಮನೆತನದಲ್ಲಿ ಇದು ನಿಜವಾಗಿಯೂ ಹೀಗೇ ನಡೆಯುತ್ತಿತ್ತು. ಬೆಳಗಿನ ಚಹಾ ಆದಮೇಲೆ ಮೂರೂ ಊರಿನವರು ಅತ್ತಿಗೆ ಫೋನ್ ಮಾಡಿ ವರದಿ ಒಪ್ಪಿಸಬೇಕು. ಮಧ್ಯಾಹ್ನದ ಊಟದೊಳಗೆ ಅತ್ತಿ ಅದನ್ನೆಲ್ಲ ಸೋಸಿ, ಹೊಟ್ಟು ತೂರಿ, ಯಾರಿಗೆ ಎಷ್ಟು ಬೇಕೋ ಅಷ್ಟು ಹಂಚುತ್ತಿದ್ದಳು. ಒಮ್ಮೆ ಕಾಕು, "ಸಿಂದಗಿಯಾಕಿ ಕಳಿಸಿದ ಶೇಂಗಾ ಹೋಳಿಗಿ ಕಡೀಬೇಕಂದ್ರ ಕೊಡಲಿ ಬೇಕ್ರಿ ಅಕ್ಕಾರ" ಅಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅರ್ಧ ತಾಸಿನಲ್ಲಿ ಅದು ಸಿಂದಗಿಗೆ ತಲುಪಿದ ಬಗೆ ಹೀಗೆ: "ನಿನ್ನ ಹೋಳಿಗಿ ಎಷ್ಟ ದಿನಾ ಇಟ್ರೂ ಕೆಡೂದಿಲ್ಲಂತ, ಭಾಳ ಹೊಗಳಿದ್ಲು ನೋಡು." ಅವ್ವ ಖುಷಿಯಾಗಿ ಇನ್ನೊಂದು ಡಬ್ಬಿ ಕಳಿಸಿದಳು.

ಮೊಬೈಲಿನಲ್ಲಿ ಮನೆಯವರದೊಂದು ಗ್ರೂಪ್ ಇದೆ. ಆದರೆ ಅದು ಹೂವಿನ ಚಿತ್ರ, ಶುಭೋದಯಗಳಿಗೆ ಮಾತ್ರ. ಮದುವೆ, ಬಸಿರು, ಹೊಲ ಖರೀದಿ ಇಂಥವನ್ನು ಅಲ್ಲಿ ಹಾಕಿದರೆ ದೃಷ್ಟಿಯಾಗುತ್ತದೆ ಎಂದು ಅತ್ತಿಯ ಅಪ್ಪಣೆ.

ತಾಂಬಾದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು ಕೇಳಿದಳು: "ಮೇಡಮ್, ನಿಮ್ಮ ಅತ್ತಿ ಡೌನ್ ಆದ್ರ ಹೆಂಗ್ರಿ?" ತರಗತಿಯೆಲ್ಲ ನಕ್ಕಿತು. ನಾನು ಸಂಭ್ರಮದಿಂದ ಸಣ್ಣ ವೃತ್ತಗಳ ನಡುವೆಯೂ ಗೆರೆಗಳನ್ನೆಳೆದು ವಿಕೇಂದ್ರೀಕೃತ ಜಾಲ ತೋರಿಸಿದೆ. ಇಲ್ಲಿ ಒಡೆಯನಿಲ್ಲ, ಒಬ್ಬರು ಬಿದ್ದರೂ ಉಳಿದವರ ಮಾತು ನಿಲ್ಲುವುದಿಲ್ಲ ಎಂದೆಲ್ಲ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಾಸ್ತಿಯೇ ಹುರುಪಿತ್ತೇನೋ. ನನ್ನ ನೆಗಡಿ ಕೂಡ ಮೂರು ತಾಲೂಕಿಗೆ ಅತ್ತಿಯ ತಿದ್ದುಪಡಿಯೊಂದಿಗೆ ತಲುಪುವುದು ನನಗೆ ಸಾಕಾಗಿಹೋಗಿತ್ತು.

ಅದಾದ ಕೆಲವೇ ದಿನಕ್ಕೆ ಒಂದು ಭಾನುವಾರ ನನ್ನನ್ನು ನೋಡಲು ಮುದ್ದೇಬಿಹಾಳದಿಂದ ಗಂಡಿನ ಕಡೆಯವರು ಬಂದರು. ಕಾಕುವಿಗೆ ಪರಿಚಯದ ಮನೆ. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಾಚಿಕೆಯಿಲ್ಲದೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. "ಹವ್ಯಾಸ ಏನ್ರಿ?" ಎಂದು ಸಿಂದಗಿಯಿಂದ ಬಂದಿದ್ದ ಅಪ್ಪ ಕೇಳಿದ್ದಕ್ಕೆ, "ಸಾಲಿ ಪ್ರಿಂಟರ್ ಜೋಡಿ ಜಗಳಾ ಆಡೂದ್ರಿ" ಎಂದರು. ನಾನು ಟ್ರೇ ಹಿಡಿದು ನಿಂತಲ್ಲೇ ಸೋತೆ. ಪ್ರಿಂಟರಿನ ನೆಪದಲ್ಲಿ ನಂಬರುಗಳ ವಿನಿಮಯವೂ ಆಯಿತು, ಹಿರಿಯರೆಲ್ಲ ಛಾವಣಿ ನೋಡಿದರು. ಹೋಗುವಾಗ ಅವರ ತಾಯಿ "ವಿಚಾರ ಮಾಡಿ ತಿಳಸ್ರಿ" ಎಂದರು.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಲೇಬೇಕು. ಹುಡುಗಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಅವಳೂ ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕಾರು ದಿನ ಬಿಟ್ಟು, ಅಡಿಗೆಮನೆಯಲ್ಲಿ, ಬೇರೇನೋ ಮಾತಿನ ನಡುವೆ ಅತ್ತಿ ಆ ಊರಿನ ಹೆಸರು ತೆಗೆಯುತ್ತಾಳೆ. ಹುಡುಗಿ ತಲೆ ತಗ್ಗಿಸಿ ನಕ್ಕರೆ ಹೂಂ, ಎದ್ದು ಹಿತ್ತಲಿಗೆ ಹೋದರೆ ಊಹೂಂ. ಅದನ್ನು ಓದಿ ಎಲ್ಲ ಊರಿಗೂ ತಿಳಿಸುವ ಅಧಿಕಾರ ಅತ್ತಿಯೊಬ್ಬಳದೇ. ನಾನೂ ತಲೆ ತಗ್ಗಿಸಲು ತಯಾರಾಗಿ ಅಡಿಗೆಮನೆಯಲ್ಲೇ ಸುಳಿದಾಡುತ್ತಿದ್ದೆ.

ಅಷ್ಟರಲ್ಲಿ ಅತ್ತಿಯ ಗಂಟಲು ಕೈಕೊಟ್ಟಿತು. ಬಹಳ ದಿನದಿಂದ ದನಿ ಒಡೆದಿತ್ತು. ವಿಜಯಪುರದ ಡಾಕ್ಟರು ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟಿದೆ ಎಂದು ಆಪರೇಷನ್ ಮಾಡಿ, "ನಾ ಹೇಳೂತನಕ ಒಂದ್ ಮಾತೂ ಆಡಬಾರದು, ಪಿಸುಮಾತು ಸೈತ ಬ್ಯಾಡ. ಇಲ್ಲಂದ್ರ ದನಿ ಹೋಗೇ ಬಿಡತೈತಿ" ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಅತ್ತಿಗೆ ಕೊಟ್ಟದ್ದಕ್ಕಿಂತ ಕಠಿಣ ವ್ರತವನ್ನು ಆ ಡಾಕ್ಟರು ಇನ್ಯಾರಿಗೂ ಕೊಟ್ಟಿರಲಾರರು.

ನನಗೆ ಅವಳ ಬಗ್ಗೆ ಮರುಕ ಇತ್ತು, ಸುಳ್ಳಲ್ಲ. ಜೊತೆಗೆ ಒಳಗೊಳಗೇ ಕುಣಿತವೂ ಇತ್ತು. ಮೂರೂ ಮನೆಗೆ ನಾನೇ ಫೋನ್ ಮಾಡಿ ಹೊಸ ರಾಜ್ಯ ಸಾರಿದೆ: "ಇನ್ನ ಮ್ಯಾಲ ಯಾರಿಗೆ ಏನ್ ಹೇಳೂದಿದ್ರೂ ನೇರ ಅವರಿಗೇ ಹೇಳ್ರಿ." ಮೊದಲ ದಿನವೇ ಹೋಳಿಗೆಯ ಸತ್ಯ ಹೊರಬಿತ್ತು. ಅವ್ವ ಮತ್ತು ಕಾಕು ಒಂದು ತಾಸು ಜಗಳವಾಡಿದರು, ಆದರೆ ಇಬ್ಬರೂ ಫೋನ್ ಇಡಲಿಲ್ಲ. ಮರುದಿನದಿಂದ ಅವರಿಗೆ ಅದೇ ಚಟವಾಯಿತು. ನೋಡಿದಿರಾ, ಜಾಲ ಎಷ್ಟು ಗಟ್ಟಿ ಎಂದು ನಾನು ಬೀಗಿದೆ.

ಆ ವಾರವೇ ಬಾಗೇವಾಡಿಯ ಅಕ್ಕ ಅದೂ ಇದೂ ಮಾತಾಡುತ್ತ ಮುದ್ದೇಬಿಹಾಳದ ಹೆಸರು ತೆಗೆದಳು. ಫೋನಿನಲ್ಲಿ ತಲೆ ತಗ್ಗಿಸಿದರೆ ಯಾರಿಗೆ ಕಂಡೀತು? ಒಪ್ಪಿಗೆ ಎಂದು ಹೇಳಲು ನಾಲಗೆ ಏಳಲಿಲ್ಲ. "ಮನಷ್ಯಾ ಛಲೋ ಅದಾನ. ಅತ್ತಿ ಆರಾಮ ಆಗ್ಲಿ ತಡಿ, ಅವಸರ ಏನೈತಿ?" ಎಂದೆ.

ಆಮೇಲೆ ನಡೆದದ್ದನ್ನು ನಾನು ಒಂದೊಂದಾಗಿ ಬಿಡಿಸಿ ತಿಳಿದುಕೊಂಡೆ. ಅಕ್ಕ ಕಾಕುವಿಗೆ "ಆಕಿಗೆ ಅವಸರ ಇಲ್ಲಂತ" ಎಂದಳು. ಕಾಕು ಸಿಂದಗಿಗೆ "ಆಕಿಗೆ ಅಷ್ಟೇನು ಮನಸಿಲ್ಲ ಅನಸ್ತೈತಿ" ಎಂದಳು. ಅವ್ವ ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿ "ಆಕಿ ಒಲ್ಲೆ ಅಂದ್ಲಂತಲ್ಲ?" ಎಂದಳು. ಅಕ್ಕ, ನಾನು ತನ್ನ ಜೊತೆ ಮಾತಾಡಿದ ಮೇಲೆ ಅವ್ವನ ಹತ್ತಿರ ಬಿಚ್ಚಿ ಹೇಳಿರಬೇಕು ಎಂದುಕೊಂಡು, "ಅವ್ವಗೂ ಒಲ್ಲೆ ಅಂತನ ಹೇಳ್ಯಾಳಂತ" ಎಂದು ಮತ್ತೆ ಕಾಕುವಿಗೆ ಮುಟ್ಟಿಸಿದಳು. ಕಾಕುವಿಗೆ ಈಗ ಎರಡು ಊರಿನ ಸಾಕ್ಷಿ ಸಿಕ್ಕಿತು. ತಾನೇ ಬಿಟ್ಟ ಮಾತು ಊರೂರು ತಿರುಗಿ ತನ್ನ ಬಾಗಿಲಿಗೇ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಯಂತ್ರಗಳ ಜಾಲದಲ್ಲಾದರೆ ಸಂದೇಶ ಮೊದಲು ಎಲ್ಲಿಂದ ಹೊರಟಿತು ಎಂದು ತಪಾಸಣೆ ಮಾಡುವ ನಿಯಮ ಇರುತ್ತದೆ. ನಮ್ಮ ಜಾಲದಲ್ಲಿ ಆ ನಿಯಮ ಹಾಕುವುದನ್ನು ನಾನು ಮರೆತಿದ್ದೆ. ನನ್ನನ್ನೇ ಕೇಳಬಹುದಿತ್ತು, ಆದರೆ ಹುಡುಗಿಯನ್ನು ಕೇಳುವಂತಿಲ್ಲವಲ್ಲ!

ಸಂತೆಯಲ್ಲಿ ಮಾಸ್ತರ ತಾಯಿ ಎದುರಾದಾಗ ಕಾಕು ನಮ್ಮ ಕಡೆ ಬೇಡ ಎನ್ನುವುದಕ್ಕೆ ಇರುವ ಸಭ್ಯ ಮಾತನ್ನು ಹೇಳಿಯೇಬಿಟ್ಟಳು: "ಜಾತಕ ಕೂಡಿ ಬರಲಿಲ್ರಿ."

ಇದು ನನಗೆ ಗೊತ್ತಾದದ್ದು ಅಕ್ಕ ಸಮಾಧಾನ ಹೇಳಲು ಕಾಲೇಜಿಗೆ ಫೋನ್ ಮಾಡಿದಾಗ. "ಬಿಡವ್ವ, ಮನಸಿಲ್ಲದ್ದು ಮಾಡ್ಕೋಬಾರದು. ಕಾಕು ಹೇಳಿ ಮುಗಿಸ್ಯಾಳ" ಎಂದಳು. ಪಾಠ ಬಿಟ್ಟು ಮನೆಗೆ ಓಡಿದೆ.

ಅತ್ತಿ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಫೋನು ಸುಮ್ಮನೆ ಬಿದ್ದಿತ್ತು. ಬಾಯಿ ಮುಚ್ಚಿದ ದಿನದಿಂದ ಒಬ್ಬರೂ ಅವಳಿಗೆ ಫೋನ್ ಮಾಡಿರಲಿಲ್ಲ. ಅವಳ ಕಿವಿ ನೆಟ್ಟಗಿದೆ ಎಂಬುದು ನನ್ನನ್ನೂ ಸೇರಿ ಯಾರಿಗೂ ಹೊಳೆದಿರಲಿಲ್ಲ. ನಾನು ಅಳುತ್ತ ಎಲ್ಲ ಹೇಳಿದೆ. ಅವಳು ಹಣೆ ಬಡಿದುಕೊಂಡಳು. ಆಮೇಲೆ ನನ್ನ ಫೋನು ತೋರಿಸಿದಳು, ನನ್ನ ಬಾಯಿ ತೋರಿಸಿದಳು.

"ನಾನ? ಹುಡುಗೀನ ಫೋನ್ ಮಾಡಿದ್ರ ಏನಂದಾರು?"

ಅತ್ತಿ ಕಣ್ಣು ಕೆಂಪು ಮಾಡಿದಳು. ದನಿ ಇದ್ದಾಗಲೂ ಅವಳು ಅಷ್ಟು ಸ್ಪಷ್ಟವಾಗಿ ಬೈದದ್ದಿಲ್ಲ. ಮಾಸ್ತರ ನಂಬರು ಡಯಲ್ ಮಾಡಿದೆ.

"ನಮಸ್ಕಾರ್ರಿ. ಪ್ರಿಂಟರ್ ಹೆಂಗೈತ್ರಿ?" ಎಂದೆ. ಬೇರೇನೂ ತೋಚಲಿಲ್ಲ.

"ರಿಪೇರಿ ಆತ್ರಿ" ಎಂದರು ಮಾಸ್ತರು. "ನಂದೊಂದು ಪ್ರಶ್ನೆ ಇತ್ರಿ. ನಮ್ಮಪ್ಪ ನನ್ನ ಜಾತಕಾನ ಬರಿಸಿಲ್ಲ. ಮತ್ತ ನಿಮ್ಮ ಜಾತಕ ಯಾರ ಜಾತಕದ ಜೋಡಿ ಕೂಡಲಿಲ್ಲ?" ಎಂದರು.

ಅಳುವಿನ ನಡುವೆ ನನಗೆ ನಗು ಬಂತು. "ಅದು ನಮ್ಮ ಮನಿ ನೆಟ್‌ವರ್ಕ್ ಮಾಡಿದ ಫಜೀತಿರಿ. ನನಗ ಒಪ್ಪಿಗಿ ಐತಿ" ಎಂದೆ. ಒಂದೇ ಉಸಿರಿಗೆ ಹೇಳಿದ್ದಕ್ಕೆ ಅದು ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಹೆದರಿದೆ.

"ನನಗೂರಿ" ಎಂದರು ಅವರು. "ನಿಮ್ಮ ಮನ್ಯಾಗ ಯಾರಿಗೆ ಹೇಳಬೇಕ್ರಿ?"

ನಾನು ಉತ್ತರಿಸುವ ಮೊದಲೇ ಅತ್ತಿ ತನ್ನ ಫೋನು ಎತ್ತಿ ಬಾಗೇವಾಡಿಗೆ ಹಚ್ಚಿದ್ದಳು. ಹಚ್ಚಿ ನನ್ನ ಬಾಯಿಗೆ ಹಿಡಿದಳು. ಮಾಸ್ತರ ಫೋನು ಇಟ್ಟು ಅಕ್ಕನಿಗೆ ಹೇಳಿದೆ. ಅವಳು "ಖರೇನ? ಅತ್ತಿ ಎಲ್ಲದಾಳ?" ಎಂದಳು. ಸಿಂದಗಿಗೆ ಹಚ್ಚಿದಳು. ಅವ್ವ "ಯಾರವ್ವ ಮಾತಾಡೂದು?" ಎಂದು ಎರಡು ಸಲ ಕೇಳಿದಳು. ಕೊನೆಗೆ ಮುದ್ದೇಬಿಹಾಳ.

"ಅಯ್ಯ, ಇದನ್ನ ಮದಲ ಹೇಳಬಾರದೇನ?" ಎಂದು ಕಾಕು ಕೂಗಿದಳು.

"ಮದಲ ಕೇಳಬಾರದೇನ?" ಎಂದೆ.

ಕಾಕು ನಂಬಲಿಲ್ಲ. ಹುಡುಗಿ ಹೇಳಿದ್ದನ್ನು ಹೇಗೆ ನಂಬುವುದು? "ಅಕ್ಕಾರು ಏನಂತಾರ? ಅವರು ಹೂಂ ಅಂದಾರೇನು?" ಎಂದು ಅತ್ತಿಯ ಮಾತಿಗೇ ಹಟ ಹಿಡಿದಳು. ನಾನು ಮತ್ತೆ ಹೇಳಿದೆ, ಅವಳು ಮತ್ತೆ ಅದನ್ನೇ ಕೇಳಿದಳು. ಆಗ ಅತ್ತಿ ಫೋನನ್ನು ತನ್ನ ಬಾಯಿಗೆ ಹಿಡಿದುಕೊಂಡು "ಹೂಂ" ಎಂದಳು. ಗಂಟಲಿನಿಂದ ಬಟ್ಟೆ ಹರಿದಂಥ ಸದ್ದು ಬಂತು, ಆದರೆ ಅದು ಹೂಂ ಎಂಬುದರಲ್ಲಿ ಸಂಶಯವಿರಲಿಲ್ಲ.

ನಾನು ಫೋನು ಕಸಿದುಕೊಂಡೆ. ಸಿಟ್ಟೂ ಹೆದರಿಕೆಯೂ ಒಟ್ಟಿಗೆ ಬಂದು "ದನಿ ಹೋದ್ರ ಏನ್ ಮಾಡ್ತಿ?" ಎಂದು ಅವಳ ಮೇಲೆ ಕಿರುಚಿದೆ. ಅತ್ತಿ ಕುತ್ತಿಗೆ ಹಿಡಿದುಕೊಂಡು, ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದಳು. ಫೋನಿನಲ್ಲಿ ಕಾಕು ತಗ್ಗಿದ ದನಿಯಲ್ಲಿ, "ಅಕ್ಕಾರ್ನ ಮಾತಾಡಸಬ್ಯಾಡವ್ವ. ಮುಹೂರ್ತ ಯಾವಾಗ ಇಡೂಣು? ನೀನ ಹೇಳು" ಎಂದಳು.