ಇಡೀ ಬೀದಿಯ ಈಶಾನ್ಯ ಮೂಲೆ

ಗಡಿಯಂಚಿನ ಆಲಸನತ್ತದಲ್ಲಿ ನಾವು ಮನೆ ಕಟ್ಟಿಸಿದಾಗ ಸುತ್ತ ರಾಗಿ ಹೊಲ. ನಮ್ಮ ಬೀದಿಗೆ ನಾವೇ ಮೊದಲು. ಮಾವನವರಿಗೆ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಮನೇನ ಬೇಕಂತಲೇ ತಗ್ಗಿಸಿ ಕಟ್ಟಿಸಿದ್ವಿ. ಬಾಗಿಲು ದಾಟಿದ್ರೆ ಅಂಗಳ, ಅಂಗಳ ದಾಟಿದ್ರೆ ರಸ್ತೆ. ದಿನಾ ಸಾಯಂಕಾಲ ಮಾವ ಕೋಲು ಹಿಡ್ಕೊಂಡು ಬೀದಿಯ ಆ ತುದಿಗೆ, ಕಾಲುವೆ ಪಕ್ಕದ ಟೀ ಅಂಗಡಿಗೆ ಹೋಗೋರು. ಅಲ್ಲಿ ತಮಿಳಲ್ಲಿ ರಾಜಕೀಯ, ತೆಲುಗಲ್ಲಿ ಹರಟೆ, ಕನ್ನಡದಲ್ಲಿ ಜಗಳ. ವಾಪಸ್ ಬರ್ತಾ ನನಗೆ ಅಂತ ಪೇಪರಲ್ಲಿ ಒಂದು ವಡೆ ಸುತ್ತಿಸ್ಕೊಂಡು ಬರೋರು. ಇಡೀ ದಿನ ಸ್ಕೂಲಲ್ಲಿ ಕಿರುಚಿ ಪಾಠ ಮಾಡಿ ಬಂದವಳಿಗೆ ಆ ಬಿಸಿ ವಡೆ ಮುಂದೆ ಯಾವ ಸನ್ಮಾನವೂ ಬೇಕಿರಲಿಲ್ಲ.

ಆಮೇಲೆ ಫ್ಯಾಕ್ಟರಿಗಳು ಬಂದವು, ಫ್ಯಾಕ್ಟರಿ ಹಿಂದೆ ಜನ, ಜನರ ಹಿಂದೆ ಮಣ್ಣಿನ ಲಾರಿ. ಹೊಸದಾಗಿ ಕಟ್ಟೋರೆಲ್ಲ ಪಕ್ಕದ ಮನೆಗಿಂತ ಎತ್ತರಕ್ಕೆ ಸೈಟ್ ತುಂಬಿಸೋರು. ಅದೂ ಹೆಂಗೆ? ವಾಸ್ತು ಪ್ರಕಾರ! ನೈಋತ್ಯ ಎತ್ತರ, ಈಶಾನ್ಯ ತಗ್ಗು, ನೀರು ಈಶಾನ್ಯಕ್ಕೇ ಹರೀಬೇಕು. ಆ ನೆಲವೋ ಹುಟ್ಟಿದಾಗಿಂದ ಕಾಲುವೆ ಕಡೆಗೆ, ಅಂದ್ರೆ ನೈಋತ್ಯಕ್ಕೆ, ಒಂಚೂರು ಇಳಿಜಾರು. ಎಲ್ಲರೂ ಸೇರಿ ಅದನ್ನ ಉಲ್ಟಾ ಮಾಡಿಟ್ರು. ಈಗ ಇಡೀ ಬೀದಿಗೆ ಈಶಾನ್ಯ ಮೂಲೆ ಯಾವುದು ಹೇಳಿ? ನಮ್ಮನೆ!

ಮಳೆ ಬಂದ್ರೆ ಬೀದಿ ನೀರೆಲ್ಲ ನಮ್ಮ ಅಂಗಳಕ್ಕೆ. ನಮ್ಮನೆಯವರು ವಾಸ್ತು ಭಕ್ತರು. "ಈಶಾನ್ಯಕ್ಕೆ ಗಂಗೆ ಬಂದ್ರೆ ಒಳ್ಳೇದು ಕಣೇ" ಅಂದ್ರು.

"ಗಂಗೆ ಜೊತೆ ಎದುರುಮನೆಯವರ ಚಪ್ಪಲಿನೂ ತೇಲ್ಕೊಂಡು ಬಂದೈತೆ, ಅದಕ್ಕೂ ಪೂಜೆ ಮಾಡಿ" ಅಂದೆ.

ಮಾವ ಆ ನೀರಲ್ಲೇ ಒಂದೊಂದೇ ಹೆಜ್ಜೆ ಇಟ್ಕೊಂಡು ಟೀ ಅಂಗಡಿಗೆ ಹೋಗಿಬರೋರು. ವಡೆ ಮನೆಗೆ ಬರೋ ಹೊತ್ತಿಗೆ ತಣ್ಣಗೆ, ಮೆತ್ತಗೆ.

ಒಂದ್ಸಲ ನೀರು ಹಾಲ್‌ಗೇ ನುಗ್ಗಿತು. ಆಗ ಇಳೀತು ನೋಡಿ ನಮ್ಮನೆಯವರ ಭಕ್ತಿ! ಗೇಟಿಗೆ ಅಡ್ಡ ಮಂಡಿಯೆತ್ತರ ಗೋಡೆ, ಅದನ್ನ ದಾಟೋಕೆ ಆ ಕಡೆ ಈ ಕಡೆ ಮೆಟ್ಟಿಲು ಅಂತ ತೀರ್ಮಾನ ಮಾಡಿ ಇಟ್ಟಿಗೆ ಇಳಿಸಿಬಿಟ್ರು. ಮಾವ ಆ ಇಟ್ಟಿಗೆ ರಾಶಿ ನೋಡಿದ್ರು. "ಮೆಟ್ಲು ನನ್ ಕೈಲಾಗಕಿಲ್ಲ. ಇನ್ಮೇಲೆ ಮನೇಲೇ ಇರ್ತೀನಿ ಬುಡು" ಅಂತ ಒಳಗೆ ಹೋದ್ರು.

"ಗೋಡೆ ಬೇಡ, ಚರಂಡಿ ಬೇಕು. ಕಾಲುವೆವರೆಗೂ ಆಳಕ್ಕೆ ತೋಡೋಣ" ಅಂತ ಬೀದಿಯವರನ್ನೆಲ್ಲ ಹಿಡಿದು ನಿಲ್ಲಿಸಿದೆ. ಎಲ್ಲರೂ ಒಪ್ಪಿದ್ರು. ಒಪ್ಪದೇ ಇದ್ದವರು ಕಾಲುವೆ ಪಕ್ಕದ ಕೊನೇ ಮನೆಯವರು ಮಾತ್ರ, ಮಂಡ್ಯದ ಕಡೆಯಿಂದ ಬಂದ ಫ್ಯಾಕ್ಟರಿ ಸೂಪರ್‌ವೈಸರ್. "ನೈಋತ್ಯದಲ್ಲಿ ನೀರು ಹೊರಗೋದ್ರೆ ಮನೆ ಏಳ್ಗೆ ಆಗಕಿಲ್ಲ ಅಕ್ಕಾ" ಅಂದ್ಬುಟ್ರು. ನನ್ನ ಬಾಯಿ ಸುಮ್ನಿರುತ್ತಾ? ಬಾಯಿಗೆ ಬಂದಂಗೆ ಅಂದು, ಆಗೋ ಕೆಲಸಾನೂ ಕೆಡಿಸಿ ಬಂದೆ.

ಮಾರನೇ ದಿನ ಮತ್ತೆ ಮಳೆ. ನಿಂತ ಮೇಲೆ ನೋಡ್ತೀನಿ, ಮಾವ ಪಂಚೆ ಎತ್ತಿ ಕಟ್ಕೊಂಡು ನೀರಿಗಿಳಿದು ಹೊರಟೇಬಿಟ್ಟಿದ್ದಾರೆ. ಹಿಂದೇನೇ ಓಡಿದೆ. ಕೊನೇ ಮನೆಯ ಎತ್ತರದ ಮೆಟ್ಟಿಲ ಕೆಳಗೆ ನಿಂತು, "ಏನಪ್ಪಾ, ನಾನು ಹತ್ತಕಾಗಕಿಲ್ಲ, ನೀನೇ ಇಳಿದು ಬಾ" ಅಂತ ಕೂಗಿದ್ರು.

ಸೂಪರ್‌ವೈಸರ್ ಗಾಬರಿಯಾಗಿ ಇಳಿದು ಬಂದ್ರು. "ಈ ನೀರಲ್ಲಿ ಯಾಕ್ ಬಂದ್ರಿ ತಾತ?"

"ನಿನ್ ಏಳ್ಗೆ ವಿಚಾರಿಸಕ್ಕೆ. ನಿನ್ ಮನೆ ಎಲ್ಲಿಗೆ ಮುಗೀತದೆ?"

"ಕಾಂಪೌಂಡಿಗೆ."

"ಚರಂಡಿ ಎಲ್ಲಿ ಬತ್ತದೆ?"

"ರೋಡಲ್ಲಿ."

"ರೋಡು ಸರ್ಕಾರದ್ದು ಕಣಯ್ಯಾ. ವಾಸ್ತು ಕೆಟ್ರೆ ಸರ್ಕಾರದ್ದು ಕೆಡ್ಲಿ, ನಿಂದೇನ್ ಹೋಯ್ತದೆ?"

ಸೂಪರ್‌ವೈಸರ್ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಮಾವನ ಒದ್ದೆ ಪಾದ ನೋಡಿ, "ಭಾನುವಾರ ಗುದ್ದಲಿ ನಾನೇ ತತ್ತೀನಿ ತಾತ" ಅಂದ್ರು.

ಭಾನುವಾರ ಬೀದಿಗೆ ಬೀದಿಯೇ ಇಳೀತು. ಮೂರು ಭಾಷೆಯಲ್ಲೂ ಬೈದಾಡ್ಕೊಂಡು ತೋಡಿದ್ರು. ನೀರು ತುಂಬಿದ ಉದ್ದನೆ ಟ್ಯೂಬಿನ ಒಂದು ತುದಿಯನ್ನ ನಮ್ಮನೆಯವರು ಹಿಡಿದ್ರು, ಇನ್ನೊಂದನ್ನ ಮೇಸ್ತ್ರಿ ಹಿಡಿದು ಮಟ್ಟ ನೋಡಿದ. "ಸಾರ್, ವಾಸ್ತು ನೋಡೋ ದಿಕ್ಸೂಚಿ ಜೇಬಲ್ಲೇ ಇರ್ಲಿ" ಅಂತ ಅವನು ಅಂದಾಗ ನಾನು ನಕ್ಕಿದ್ದು ಆ ತುದಿವರೆಗೂ ಕೇಳಿಸಿರಬೇಕು. ಗೇಟಿಗೆ ಅಂತ ತಂದಿದ್ದ ಇಟ್ಟಿಗೆಯೆಲ್ಲ ಚರಂಡಿಯ ಎರಡೂ ಪಕ್ಕಕ್ಕೆ ಹೋಯ್ತು. ನಾನು ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಕಲಸಿದೆ. ತಳ ಕೆರೆದು ತಿಂದ್ರು.

ಮುಂದಿನ ಮಳೆಗೆ ಎಲ್ಲರೂ ಮನೆ ಮೆಟ್ಟಿಲ ಮೇಲೆ ನಿಂತು ನೀರು ನೋಡಿದ್ದೇ ನೋಡಿದ್ದು. ಗುಳುಗುಳು ಅಂತ ಸೀದಾ ಕಾಲುವೆಗೆ ಹೋಗ್ತಿತ್ತು. ಮಾವ ಕೊಡೆ ಬಿಚ್ಚಿದ್ರು.

"ಮಾವಾ, ಮಳೆ ನಿಲ್ಲಲಿ!"

"ನಿಂತ್ರೆ ನೀರು ಹೋಗೋದು ನೋಡೋದೆಂಗಮ್ಮ?"

ಹೋಗೇಬಿಟ್ರು. ನಾನು ಗೇಟಲ್ಲೇ ನಿಂತು ಕಾದೆ. ಖುಷಿಗೆ ಕಣ್ಣು ತುಂಬಿ ಬಂದಿತ್ತು. ತಿರುಗಿ ಬಂದು, ಅಂಗಿಯೊಳಗಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ರು.

ವಡೆ ಇನ್ನೂ ಬಿಸಿ ಇತ್ತು.