ನಾಲ್ಕು ದಿನದ ಮುಯ್ಯಾಳು

ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಏನಾಯಿತೆಂದು ಇಣುಕಿ ನೋಡುವ ಬುದ್ಧಿ ನನ್ನದು. ಹಾಗಾಗಿ ನಮ್ಮ ಕೆಂಪಯ್ಯನಿಗೆ ವಿಚಾರಣೆಯ ನೋಟೀಸು ಬಂದು, ಅದರಲ್ಲಿ ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆತರಬಹುದು ಎಂದಿದ್ದದ್ದೇ ತಡ, ನಾನೇ ಬರುತ್ತೇನೆಂದು ಮುಂದೆ ಬಿದ್ದೆ. ಕಾರ್ಖಾನೆಯ ವಿಚಾರಣೆ ಹೇಗಿರುತ್ತದೆಂದು ಒಮ್ಮೆಯಾದರೂ ನೋಡಬೇಕಿತ್ತು.

ಕೆಂಪಯ್ಯ ಬಿಡದಿ ಹತ್ತಿರದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುದ್ದೆ ಮಾಡುವವನು. ನಾನು ಸಾರು ಬಡಿಸುವವನು. ಅವನದು ಒಂಬತ್ತು ವರ್ಷದಿಂದ ದಿನಕ್ಕೆ ಮುನ್ನೂರು ಮುದ್ದೆ, ಒಂದರಲ್ಲೂ ಗಂಟಿಲ್ಲ. ಊರು ಬೈರಮಂಗಲ. ಎರಡು ಎಕರೆ ಹೊಲ, ಎರಡು ಹಸು, ಹೆಂಡತಿ ಸಿದ್ದಮ್ಮ. ಎದುರಿಗೆ ಯಾರೇ ಇರಲಿ, ತನಗೆ ಸರಿ ಕಂಡದ್ದನ್ನು ಅಂದೇ ತೀರುವ ಬಾಯಿ.

ಕಳೆದ ರಾಗಿ ಕುಯ್ಲಿನ ಕಾಲದಲ್ಲಿ ಅವನು ನಾಲ್ಕು ದಿನ ರಜ ಕೇಳಿದ್ದ. ಮ್ಯಾನೇಜರ್ ಮನೋಹರ್ ಕೊಡಲಿಲ್ಲ. ಆದರೂ ಆ ನಾಲ್ಕೂ ದಿನ ಹೆಬ್ಬೆಟ್ಟಿನ ಮಿಷನ್ನಿನಲ್ಲಿ ಅವನ ಗುರುತಿರಲಿಲ್ಲ. ಸಾಬೀತಾದರೆ ಕೆಲಸ ಹೋಗುತ್ತದೆ. ತಪ್ಪಾಯಿತೆಂದು ಬರೆದುಕೊಡು ಮಾರಾಯ ಎಂದು ಅಡುಗೆಮನೆಯವರೆಲ್ಲ ಹೇಳಿ ನೋಡಿದೆವು.

"ನಾನ್ ರಜಾನೇ ಆಕಿಲ್ಲ. ತಪ್ಪು ಯಾಕ್ಲಾ ಒಪ್ಕಳ್ಳಿ?" ಅಂದ.

ವಿಚಾರಣೆ ನಡೆಸಲು ಕನಕಪುರದಿಂದ ಸುಚಿತ್ರಾ ಎಂಬ ವಕೀಲರು ಬಂದಿದ್ದರು. ಸಿನಿಮಾದ ಕೋರ್ಟಿನಂತೆ ಮೇಜಿನ ಮೇಲೆ ಸುತ್ತಿಗೆ ಇರುತ್ತದೇನೋ ಎಂದು ನಾನು ಹುಡುಕಿದೆ. ಬಿಸ್ಕೆಟ್ ತಟ್ಟೆ ಬಿಟ್ಟರೆ ಏನೂ ಇರಲಿಲ್ಲ.

"ಆ ನಾಲ್ಕು ದಿನ ಎಲ್ಲಿದ್ರಿ?" ಎಂದರು ಮೇಡಂ.

"ಶಿವರಾಜನ ಹೊಲ್ದಲ್ಲಿ ರಾಗಿ ಕುಯ್ತಿದ್ದೆ ಮೇಡಂನೋರೆ."

"ಅಂದ್ರೆ ಕೆಲಸಕ್ಕೆ ಬರಲಿಲ್ಲ."

"ನಾನ್ ಬರ್ನಿಲ್ಲ. ಮುಯ್ಯಾಳು ಬಂದಿತ್ತು."

ಮೇಡಂ ಪೆನ್ನು ಕೆಳಗಿಟ್ಟರು. ಕೆಂಪಯ್ಯ ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. "ಇವತ್ತು ಶಿವರಾಜ ನನ್ ಹೊಲಕ್ ಬಂದ್ರೆ, ನಾಳೆ ನಾನು ಅವನ್ ಹೊಲಕ್ ಓಗ್ಬೇಕು. ನನ್ ಕೈಲಿ ಆಗ್ನಿಲ್ವಾ, ಮನೇಲಿರೋ ಇನ್ನೊಬ್ರು ಓಗ್ಬೇಕು. ಕೆಲ್ಸ ಆಯ್ತಾ ಅಂತ ಕೇಳ್ತಾರೆ, ಯಾರ್ ಬಂದ್ರು ಅಂತ ಕೇಳಾಕಿಲ್ಲ. ಮೋಡ ಕಟ್ಟಿತ್ತು, ಅವನ್ ಹೊಲಕ್ ನಾನೇ ಓಗ್ಬೇಕಾಯ್ತು. ಇಲ್ಲಿಗೆ ನಮ್ಮನೆಯವಳ್ನ ಕಳಿಸ್ದೆ."

ಮೇಡಂ ಮನೋಹರ್ ಕಡೆ ತಿರುಗಿದರು. "ಆ ದಿನಗಳಲ್ಲಿ ಮುದ್ದೆ ಇತ್ತಾ?"

"ಇತ್ತು."

"ಯಾರು ಮಾಡಿದ್ದು?"

ಮನೋಹರ್ ಲ್ಯಾಪ್‌ಟಾಪಿನಲ್ಲಿ ಹುಡುಕತೊಡಗಿದರು. ಮುದ್ದೆ ಯಾರು ಮಾಡಿದ್ದೆಂದು ಅದಕ್ಕೇನು ಗೊತ್ತು? ನಾಲ್ಕೂ ದಿನ ಅವರೇ ಎರಡೆರಡು ಹಾಕಿಸಿಕೊಂಡಿದ್ದರು, ಬಡಿಸುವ ಜಾಗದಲ್ಲಿ ನಿಂತವನು ನಾನು. ಗೆದ್ದೆವು ಅಂದುಕೊಂಡು, ಗೇಟಿನ ಬಳಿ ಕೂರಿಸಿದ್ದ ಸಿದ್ದಮ್ಮನನ್ನು ಸಾಕ್ಷಿಗೆ ಕರೆತಂದೆ.

ಚಪ್ಪಲಿ ಹೊರಗೆ ಬಿಟ್ಟು ಬಂದ ಸಿದ್ದಮ್ಮ, ತರಕಾರಿ ಆಟೋದಲ್ಲಿ ಹಿಂಬಾಗಿಲಿಗೆ ಬಂದು ಮುದ್ದೆ ಮಾಡಿದ್ದನ್ನು ಒಪ್ಪಿಕೊಂಡಳು. ಮನೋಹರ್ ಎದ್ದೇ ನಿಂತರು. "ಹೊರಗಿನವರು ಅಡುಗೆಮನೆಯಲ್ಲಿ! ಇದು ಎರಡನೇ ಆರೋಪ ಮೇಡಂ."

ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ, ಅದೂ ಇನ್ನೊಬ್ಬನ ಅನ್ನಕ್ಕೆ. ಕೆಂಪಯ್ಯ ಮಾತ್ರ ಎದೆ ಸೆಟೆಸಿಕೊಂಡೇ ಕೂತಿದ್ದ. ಅವನ ಪ್ರಕಾರ ಎಲ್ಲ ಚುಕ್ತಾ ಆಗಿತ್ತು.

ಮೇಡಂ ಸಿದ್ದಮ್ಮನನ್ನೇ ನೋಡುತ್ತಿದ್ದರು. "ಅಲ್ಲಮ್ಮ, ನೀವು ಇವರ ಬದಲಿಗೆ ಬಂದ್ರಿ. ನಿಮ್ಮ ಮನೆ ಕೆಲಸಕ್ಕೆ ಯಾರು ಬಂದ್ರು?"

ಸಿದ್ದಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನನ್ ಕೆಲ್ಸಕ್ಕೆ ಯಾರ್ ಬತ್ತಾರೆ ಮೇಡಂನೋರೆ? ಮೂರ್ ಗಂಟೆಗೇ ಎದ್ದು ಹಾಲು ಕರ್ದು, ಕೊಟ್ಟಿಗೆ ಬಾಚಿ, ಅಡ್ಗೆ ಮಾಡಿಟ್ಟು ಬತ್ತಿದ್ದೆ. ಸಾಯಂಕಾಲ ಓಗಿ ಹುಲ್ಲು ಕುಯ್ತಿದ್ದೆ. ರಟ್ಟೆ ಒಸಿ ನೋವು ಬಂತು, ಅಷ್ಟೇಯ."

ಕೆಂಪಯ್ಯ ಹೆಂಡತಿಯ ಕಡೆ ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ. ಒಂಬತ್ತು ವರ್ಷದಲ್ಲಿ ಅವನ ಬಾಯಿ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ. ನೋಡಿ ಸಂಕಟವಾಯಿತು.

"ಬರ್ಕಳಿ ಮೇಡಂನೋರೆ," ಅಂದ ಕೊನೆಗೆ. "ನಾಕ್ ದಿನ ನಾನು ಬಂದಿಲ್ಲ. ತಪ್ಪು ನಂದು."

ಒಪ್ಪಿಕೊಂಡದ್ದರಿಂದ ಕೆಲಸ ಉಳಿಯಿತು. ಒಂದು ವರ್ಷದ ಸಂಬಳದ ಬಡ್ತಿ ನಿಂತಿತು, ಅಡುಗೆಮನೆಯ ಹಿಂಬಾಗಿಲಿಗೆ ಬೀಗ ಬಿತ್ತು. ಮನೋಹರ್ ಈಗ ಒಂದೇ ಮುದ್ದೆ ಹಾಕಿಸಿಕೊಳ್ಳುತ್ತಾರೆ.

ಎರಡನೇ ಭಾನುವಾರ ನನ್ನ ಬುದ್ಧಿ ಸುಮ್ಮನಿರಲಾರದೆ ಬೈರಮಂಗಲಕ್ಕೆ ಹೋದೆ. ಸಿದ್ದಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಳು. ಕೆಂಪಯ್ಯ ಸಗಣಿ ಮಂಕರಿ ಹೊತ್ತು ಕೊಟ್ಟಿಗೆಯಿಂದ ಬಂದ.

"ಇದೇನಣ್ಣ?"

"ಮುಯ್ಯಿ ತೀರಿಸ್ತಾ ಇವ್ನಿ ಕಣ್ಲಾ. ಎಲ್ಡು ದಿನ ಆಯ್ತು, ಇನ್ನೆಲ್ಡು ಐತೆ."

ಸಿದ್ದಮ್ಮ ಲೋಟ ಕೆಳಗಿಟ್ಟಳು.

"ಮೂರು ಐತೆ. ಇವತ್ತು ಏಳ್ ಗಂಟೆಗೆ ಎದ್ದವ್ರೆ. ಆಬ್ಸೆಂಟು."