ಎರಡು ಹನಿ, ಒಂದು ಬಾಲ

ಅಕ್ಕಿಹೆಂಡ ಸಾಕೆ ಮಾರುವ ಅಂಗಡಿಯ ಗೆಂಜೊ ಸತ್ತು ಆರು ವರ್ಷವಾಯಿತು. ಇಸೊಕಿಚಿಯ ಸಿಟ್ಟು ಮಾತ್ರ ಸತ್ತಿಲ್ಲ. ಹೆಂಗಸರಿಗೆ ಮೊದಲ ಸಲ ಮತ ಬಂದ ಆ ವಸಂತದಲ್ಲಿ, ಮತಗಟ್ಟೆಯಾಗಿದ್ದ ಶಾಲೆಯ ಅಂಗಳದಲ್ಲಿ ನಿಂತು ಗೆಂಜೊ ಇಸೊಕಿಚಿಯ ಅಕ್ಕನನ್ನು ಹಂಗಿಸಿದ್ದ.

"ದುಡಿಯೋಕೆ ಬಿಟ್ವಿ, ಮನೆ ಕೆಡ್ತು. ಈಗ ಮತ ಕೊಟ್ರೆ ದೇಶ ಕೆಡುತ್ತೆ. ಹುಳ ಬೇಯಿಸೋ ಕೈಗೆ ಪೆನ್ಸಿಲ್ ಬೇರೆ! ಚೀಟಿಯೆಲ್ಲ ನಾರುತ್ತಲ್ರೋ!"

ಅಕ್ಕ ಯೊನೆಯ ಕೈ ನಾರುತ್ತಿದ್ದದ್ದು ನಿಜವೇ. ಹನ್ನೆರಡಕ್ಕೇ ಸರೋವರದ ದಡದ ನೂಲು ಕಾರ್ಖಾನೆ ಸೇರಿ, ಕುದಿನೀರಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದವಳು. ಹೊಸವರ್ಷಕ್ಕೆ ಉಪ್ಪುಮೀನು ಹಿಡಿದು ಬರುತ್ತಿದ್ದಳು. ಮೀನಿನ ವಾಸನೆಗೆ ಅವಳ ಕೈಯ ವಾಸನೆ ಸೇರಿದರೇ ಇಸೊಕಿಚಿಗೆ ಹಬ್ಬ. ಅಕ್ಷರ ಮಾತ್ರ ಅವಳಿಗೆ ಬರಲಿಲ್ಲ. ಅದಕ್ಕೆ ಅವನೇ ಕಾರಣ. ಕೂಸಾಗಿದ್ದ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಶಾಲೆಗೆ ಹೋಗುತ್ತಿದ್ದಳು. ಅವನು ಅತ್ತಾಗಲೆಲ್ಲ ಮೇಷ್ಟ್ರು "ಹೊರಗೆ ನಡಿ" ಎನ್ನುತ್ತಿದ್ದರು. ಅವನೋ, ಅಳುತ್ತಲೇ ಇದ್ದ.

ಮತ ಹಾಕಲು ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಯೊನೆಗೆ ಬೇಕಾದವಳು ನೂಲಿನವರ ಪರ ನಿಂತಿದ್ದ ತ್ಸುಗಾನೆ ಎಂಬ ಹೆಂಗಸು. ನಾಲ್ಕನೇ ತರಗತಿಯ ತಮ್ಮ ಒಲೆಯ ಬೂದಿ ಹರಡಿ ಮೇಷ್ಟ್ರಾದ. ಮೊದಲಕ್ಷರ 'ತ್ಸು': ಹನಿಯಂಥ ಎರಡು ಗೀಟು, ಬಾಲದಂಥ ಒಂದು.

"ಇಸೊ, ಮೊದಲಕ್ಷರದ ಹನಿ ಎರಡೂ ಅಕ್ಕಪಕ್ಕವೋ, ಒಂದರ ಕೆಳಗೊಂದೋ?"

"ಒಂದರ ಕೆಳಗೊಂದು. ಬಾಲ ಕೆಳಗಿಂದ ಮೇಲಕ್ಕೆ. ಎಷ್ಟು ಸಲ ಹೇಳ್ಬೇಕು ನಿಂಗೆ!"

"ರೇಗ್ಬೇಡ್ವೋ. ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದಾಗ ನಾನು ರೇಗಿದ್ನಾ?"

ಹನ್ನೊಂದು ದಿನ ತಿದ್ದಿದಳು.

ಮತದ ದಿನ ಶಾಲೆಯ ಗೋಡೆಗೆ ಅಂಟಿಸಿದ್ದ ತ್ಸುಗಾನೆಯ ಹೆಸರು ಇಸೊಕಿಚಿಯ ಕಣ್ಣಿಗೆ ಬಿತ್ತು. ಹನಿಗಳು ಅಕ್ಕಪಕ್ಕ, ಬಾಲ ಮೇಲಿಂದ ಇಳಿದಿತ್ತು. ತಾನು ಕಲಿಸಿದ್ದು 'ತ್ಸು' ಅಲ್ಲ, ಅದರಂತೆಯೇ ಕಾಣುವ 'ಶಿ'! ಅಕ್ಕ ಆಗಲೇ ಬಾಗಿಲಲ್ಲಿದ್ದಳು. ಆ ಗಳಿಗೆಗೇ ಗೆಂಜೊ ಬಾಯಿ ಬಿಟ್ಟಿದ್ದು, ಗಂಡಸರೆಲ್ಲ ಹೋ ಎಂದು ನಕ್ಕಿದ್ದು.

"ಕೆಟ್ಟ ಮನೇಲಿ ಅನ್ನ ಬೇಯ್ತಿದ್ದದ್ದು ನನ್ನ ಸಂಬಳದಲ್ಲೇ ಕಣಯ್ಯ," ಎಂದವಳೇ ಯೊನೆ ತಮ್ಮನ ಕಡೆ ತಿರುಗಿ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. "ಸರೀನೇನೋ, ಇಸೊ?"

ಇಷ್ಟು ಜನರೆದುರು ತಪ್ಪೊಪ್ಪುವುದೇ?

"ಸರಿ, ಸರಿ. ನಡಿ!"

ತ್ಸುಗಾನೆ ಸೋತಳು. "ಸೋತ್ರೇನು, ಅದ್ರಲ್ಲಿ ನಂದೂ ಒಂದಿತ್ತಲ್ಲ," ಎಂದು ಯೊನೆ ವರ್ಷಗಟ್ಟಲೆ ಹೇಳಿಕೊಂಡು ಬೀಗಿದಳು. ಎಣಿಸಿದವರು ಆ ಚೀಟಿಯನ್ನು ಒಪ್ಪಿದರೋ, ಎಸೆದರೋ! ಇಸೊಕಿಚಿ ಪ್ರತಿ ಸಲವೂ ಗೆಂಜೊನನ್ನು ಬೈದು ಮಾತು ತಪ್ಪಿಸಿದ.

ಬೆನ್ನ ಮೇಲಿದ್ದು ಅತ್ತು ಅತ್ತು ಅವಳ ಅಷ್ಟೂ ಅಕ್ಷರ ತಿಂದವನು ಒಂದನ್ನಾದರೂ ಸರಿಯಾಗಿ ತಿರುಗಿ ಕೊಡಬೇಕಿತ್ತು. ಹೋದ ಚಳಿಗಾಲ ಅವಳು ಕಣ್ಣು ಮುಚ್ಚುವವರೆಗೂ ಕೊಡಲಿಲ್ಲ.